ಜೂಲಿಯ ಇಂಟರ್‌ವಲ್ಲು, ನಮ್ಮ ಮನೆಯ ಕ್ರಿಸ್‌ಮಸ್ಸು!

ಚಿತ್ರರಸಿಕ ಮಿತ್ರರೇ, ನೀವು ‘ಜೂಲಿ’ ನೋಡಿದ್ದೀರಾ? 1975ರ ಹಿಂದಿ ಚಿತ್ರ. ನಮ್ಮ ‘ಗೋವಾದಲ್ಲಿ ಸಿ.ಐ.ಡಿ. 999’ರ ಲಕ್ಷ್ಮಿ, ಅಣ್ಣಾವ್ರ ಜೊತೆ ‘ನಾ ನಿನ್ನ ಮರೆಯಲಾರೆ’ ಮಾಡಿದ ಅದೇ ಲಕ್ಷ್ಮಿ, ಮುಂಬಯಿಗೆ ಹೋಗಿ ಫಿಲ್ಮ್‌ಫೇರ್ ಪ್ರಶಸ್ತಿ ಹೊಡೆದುಕೊಂಡು ಬಂದ ಚಿತ್ರ. ಅದರಲ್ಲಿ ಜೂಲಿಯ ಪುಟ್ಟ ತಂಗಿಯಾಗಿ ಓಡಾಡುವ ಹುಡುಗಿ ಯಾರು ಗೊತ್ತೇ? ಶ್ರೀದೇವಿ!

ನೀವು ನೋಡಿರಬಹುದು. ನಮ್ಮಕ್ಕ ಮಾತ್ರ ಅರ್ಧ ನೋಡಿದ್ದಳು. ಉಳಿದರ್ಧ ನೋಡಲು ಅವಳಿಗೆ ನಲವತ್ತೇಳು ವರ್ಷ ಬೇಕಾಯಿತು. ಅದಕ್ಕೆ ಕಾರಣ ಈ ಲೇಖನ ಬರೆಯುತ್ತಿರುವ ಮಹಾಶಯ, ಅಂದರೆ ನಾನೇ.

ಆ ಕಥೆ ಹೇಳಬೇಕಾದರೆ ಮೊದಲು ನಮ್ಮ ಮನೆಯ ಕ್ರಿಸ್‌ಮಸ್ ಹೇಳಬೇಕು.

ಲೈನ್ ಕ್ಲಿಯರ್!

ನಮ್ಮೂರು ವಾಡಿ ಜಂಕ್ಷನ್. ನಿಜಾಮರ ರೈಲು ಸಿಕಂದರಾಬಾದಿನಿಂದ ಬಂದು ಮುಂಬಯಿ-ಮದ್ರಾಸ್ ಮಾರ್ಗಕ್ಕೆ ಕೂಡಿದ್ದು ಇಲ್ಲೇ, 1874ರಲ್ಲಿ. ನಮ್ಮಪ್ಪ ಹಬೆ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ ಸೇರಿ, ಸಲಿಕೆ ಹಿಡಿದು ಹಿಡಿದು ಅಂಗೈ ಚರ್ಮ ಬೂಟಿನಂತಾದ ಮೇಲೆ ಡ್ರೈವರ್ ಆದ. ನಾವು ಮೆಥೊಡಿಸ್ಟ್ ಸಭೆಯವರು. ಕಲಬುರ್ಗಿ, ಬೀದರ, ಯಾದಗಿರಿ ಕಡೆ ಅಮೆರಿಕದ ಮೆಥೊಡಿಸ್ಟ್ ಮಿಷನರಿಗಳು ಕಟ್ಟಿದ ಸಭೆಗಳು ಬಹಳ. ಹಾಡು ಕನ್ನಡದ್ದು, ಬಾಜಾ ನಮ್ಮ ದಪ್ಪು-ತಾಳ, ಅವ್ವನ ಮೈಮೇಲೆ ಇಳಕಲ್ ಸೀರೆ, ತಟ್ಟೆಯಲ್ಲಿ ಜೋಳದ ರೊಟ್ಟಿ.

ಇದನ್ನು ಬಿಡಿಸಿ ಯಾಕೆ ಹೇಳುತ್ತೇನೆಂದರೆ, ಆ ಕಾಲದ ಪಿಕ್ಚರುಗಳಲ್ಲಿ ಕ್ರಿಶ್ಚಿಯನ್ನರೆಂದರೆ ಒಂದೋ ಫ್ರಾಕ್ ಹಾಕಿದವರು, ಇಲ್ಲವೇ ಬ್ರಾಂಡಿ ಹಾಕಿದವರು. ವಿಲನ್ನಿನ ಬಲಗೈ ಬಂಟ ಬಂದ ಅಂದರೆ ಅವನ ಹೆಸರು ಪೀಟರ್, ಇಲ್ಲವೇ ರಾಬರ್ಟ್! ಶಾಲೆಯಲ್ಲಿ ಗೆಳೆಯರು ನನ್ನನ್ನು ಕೇಳುತ್ತಿದ್ದರು: “ನಿಮ್ಮಪ್ಪ ಮನ್ಯಾಗ ಇಂಗ್ಲಿಷಿನ್ಯಾಗ ಬೈತಾನೇನಲೇ?” ನಮ್ಮಪ್ಪ ಬೈಯುತ್ತಿದ್ದದ್ದು ಶುದ್ಧ ಚಿತ್ತಾಪುರದ ಕನ್ನಡದಲ್ಲಿ.

ಡಿಸೆಂಬರ್ ಮೊದಲ ವಾರ ಮನೆಗೆ ಸುಣ್ಣ. ನಮ್ಮ ನೆಲವೇ ಸುಣ್ಣದ ಕಲ್ಲು, ಸುಣ್ಣಕ್ಕೇನು ಬರ? ಅಂಗಳದ ಪರ್ಸಿ ಕಲ್ಲು ತಿಕ್ಕಿ ತಿಕ್ಕಿ ತೊಳೆಯುವುದು ನನ್ನ ಪಾಲಿಗೆ. ಆಮೇಲೆ ನಕ್ಷತ್ರ. ಬಿದಿರಿನ ಸೀಳಿಗೆ ಬಣ್ಣದ ಕಾಗದ ಅಂಟಿಸಿ ಅಪ್ಪ ಕಟ್ಟುತ್ತಿದ್ದ. ಬೇರೆಯವರ ನಕ್ಷತ್ರದೊಳಗೆ ಬರೀ ದೀಪ. ನಮ್ಮದರೊಳಗೆ ರೈಲ್ವೆಯ ಕೈದೀಪ! ತಿರುಗಿಸಿದರೆ ಕೆಂಪು, ಮತ್ತೆ ತಿರುಗಿಸಿದರೆ ಹಸಿರು. ಡಿಸೆಂಬರ್ ತಿಂಗಳೆಲ್ಲ ನಮ್ಮ ನಕ್ಷತ್ರ ಕೆಂಪಗೆ ಉರಿಯುತ್ತಿತ್ತು. ಇಪ್ಪತ್ನಾಲ್ಕರ ರಾತ್ರಿ ಸರಿಯಾಗಿ 12 ಗಂಟೆಗೆ ಅಪ್ಪ ಏಣಿ ಹತ್ತಿ ದೀಪ ತಿರುಗಿಸುತ್ತಿದ್ದ. ನಕ್ಷತ್ರ ಹಸಿರು! ಕೆಳಗೆ ನಿಂತ ನಾನೂ ಅಕ್ಕನೂ “ಲೈನ್ ಕ್ಲಿಯರ್!” ಎಂದು ಕೂಗಬೇಕು. ಯೇಸುಸ್ವಾಮಿ ಬಂದ ಹಾಗೆ. ಅಪ್ಪ ಆ ರಾತ್ರಿ ಡ್ಯೂಟಿ ಮೇಲಿದ್ದರೆ ಏಣಿ ಹತ್ತುವ ಅಧಿಕಾರ ಅಕ್ಕನದು, ನನ್ನದಲ್ಲ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು.

ಅದೇ ರಾತ್ರಿ ಪೆಟ್ರೋಮ್ಯಾಕ್ಸ್ ಹೊತ್ತ ಹಾಡಿನ ಮೇಳ ರೈಲ್ವೆ ಕಾಲೊನಿಯಿಂದ ಹೊರಟು ಸಿಮೆಂಟ್ ಕಾಲೊನಿಯವರೆಗೆ. ಮನೆಮನೆಗೆ ಚಹಾ, ಸೂಸಲಾ. ನಾಲ್ಕನೆಯ ಮನೆಗೆ ಹೊಟ್ಟೆ ತುಂಬುತ್ತಿತ್ತು, ಆದರೂ ಬಿಡುವಂತಿಲ್ಲ. ಅವ್ವನ ಡಬ್ಬಿಗಳಲ್ಲಿ ಶೇಂಗಾ ಹೋಳಿಗೆ, ಕರ್ಚಿಕಾಯಿ, ಚಕ್ಕುಲಿ. ಕೇಕು? ಕೇಕು ನಮ್ಮದಲ್ಲ. ಮೂರು ಮನೆ ಆಚೆಯ ಆಂಗ್ಲೋ-ಇಂಡಿಯನ್ ಡ್ರೈವರ್ ಮನೆಯಿಂದ ಕಪ್ಪಗಿನ ಎರಡು ತುಂಡು ಬರುತ್ತಿತ್ತು. ಅವ್ವ ಅವರಿಗೆ ಎಂಟು ಹೋಳಿಗೆ ಕಳಿಸುತ್ತಿದ್ದಳು. ಒಂದು ವರ್ಷ ಅವರು ಮನೆ ಸಾಮಾನು ಮಾರಿ ಆಸ್ಟ್ರೇಲಿಯಾಕ್ಕೆ ಹೋದರು. ನಮ್ಮ ಮನೆಗೆ ಕೇಕು ಬರುವುದು ನಿಂತಿತು.

ಇಪ್ಪತ್ತೈದಕ್ಕೆ ಆರಾಧನೆ, ಮಟನ್ ಊಟ. ಅದಾದ ಮೇಲೆ ನಮ್ಮ ಮನೆಯದೇ ಆದ ಒಂದು ಪದ್ಧತಿ. ಇಡೀ ಕುಟುಂಬ ಶಹಾಬಾದಿಗೆ ಹೋಗಿ ಒಂದು ಪಿಕ್ಚರ್ ನೋಡುವುದು!

ಇದು ಸಭೆಯ ಹಿರಿಯರಿಗೆ ಸರಿಬರುತ್ತಿರಲಿಲ್ಲ. ಟಾಕೀಸೆಂದರೆ ಸೈತಾನನ ಗುಡಿ ಎಂದು ಒಬ್ಬ ಹಿರಿಯರು ನಮ್ಮ ಅಂಗಳದಲ್ಲೇ ನಿಂತು ಹೇಳಿದ್ದರು. ಅಪ್ಪ, “ವರ್ಷಪೂರ್ತಿ ಬೆಂಕಿ ಮುಂದ ನಿಲ್ಲಾಂವ ನಾನು, ಒಂದಿನ ಕತ್ತಲ್ಯಾಗ ಕುಂದರ್ತೀನಿ ಬಿಡ್ರಿ” ಎಂದು ನಕ್ಕುಬಿಟ್ಟ. ವಾಡಿಯಿಂದ ಶಹಾಬಾದ್ ಹತ್ತು-ಹನ್ನೊಂದು ಕಿಲೋಮೀಟರು, ನಡುವೆ ಕಾಗಿಣಾ ಸೇತುವೆ. ಹೋಗುವಾಗ ಪ್ಯಾಸೆಂಜರ್. ಬರುವಾಗ, ಪುಣ್ಯಾತ್ಮ ಗಾರ್ಡ್ ಯಾರಾದರೂ ಸಿಕ್ಕರೆ ಗೂಡ್ಸ್ ಗಾಡಿಯ ಬ್ರೇಕ್‌ವ್ಯಾನು! (ಆ ಗಾರ್ಡುಗಳ ಹೆಸರು ಮಾತ್ರ ಕೇಳಬೇಡಿ.)

ಮಾರ್ಗರೆಟ್ ಸತ್ತ ಕ್ರಿಸ್‌ಮಸ್

ಬೆಂಗಳೂರಲ್ಲಿ ತೆರೆ ಕಂಡ ಚಿತ್ರ ನಮ್ಮ ಕಡೆ ಬರಲು ವರ್ಷ ಹಿಡಿಯುತ್ತಿದ್ದ ಕಾಲ. 1972ರ ಡಿಸೆಂಬರ್ ಕೊನೆಯಲ್ಲಿ ಬಿಡುಗಡೆಯಾದ ‘ನಾಗರಹಾವು’ ನಾವು ನೋಡಿದ್ದು 1973ರ ಕ್ರಿಸ್‌ಮಸ್‌ಗೆ. ಪುಟ್ಟಣ್ಣ ಕಣಗಾಲ್, ತ.ರಾ.ಸು. ಕಾದಂಬರಿಗಳು, ಹೊಸ ಹುಡುಗ ವಿಷ್ಣುವರ್ಧನ್! ಚಿತ್ರದುರ್ಗದ ಆ ಬಂಡೆಗಳ ಮೇಲೆ ರಾಮಾಚಾರಿ ನಡೆದು ಬಂದದ್ದೇ ತಡ, ನೆಲದ ಟಿಕೆಟ್ಟಿನವರು ಎದ್ದು ನಿಂತಿದ್ದರು. ನನಗೆ ಹನ್ನೊಂದು ವರ್ಷ. ಜಯಂತಿಯ ಒನಕೆ ಓಬವ್ವ ಬಂದಾಗ ಅಪ್ಪನ ಹೆಗಲ ಮೇಲೆ ಹತ್ತಿದ್ದೆ.

ಆದರೆ ನಮ್ಮ ಸಾಲಿನಲ್ಲಿ ಎಲ್ಲರೂ ಕಾದು ನೋಡಿದ್ದು ಮಾರ್ಗರೆಟ್‌ಳನ್ನು. ಶುಭಾ ಮಾಡಿದ ಪಾತ್ರ. ಕನ್ನಡ ಮಾತಾಡುವ ಕ್ರಿಶ್ಚಿಯನ್ ಹುಡುಗಿ, ರಾಮಾಚಾರಿಯನ್ನು ಮೆಚ್ಚಿದವಳು. ಕೊನೆಗೆ ಇಬ್ಬರೂ ಬೆಟ್ಟದಿಂದ ಬಿದ್ದು ಸತ್ತಾಗ ಅವ್ವ ಸೆರಗಿನಿಂದ ಮೂಗು ಒರೆಸುತ್ತ, “ನಮ್ಮ ಹುಡುಗೀನ ಕೊಂದೇಬಿಟ್ರಲ್ಲ” ಅಂದಳು. ಅಕ್ಕ ಅಳಲಿಲ್ಲ. ವಾಪಸು ಬರುವಾಗ ಬ್ರೇಕ್‌ವ್ಯಾನಿನಲ್ಲಿ ಕೂತು, “ಸಾಯೂದಲ್ದೆ ಬ್ಯಾರೆ ದಾರೀನೇ ಇರಲಿಲ್ಲೇನು ಅಪ್ಪಾ?” ಎಂದು ಕೇಳಿದಳು. ಅಪ್ಪ, “ಕಥಿ ಅಲ್ಲೇನವಾ ಅದು” ಎಂದ.

ಹಾಡಿನ ಪುಸ್ತಕ

ಈಗ 1976. ಅಕ್ಕನಿಗೆ ಹದಿನೆಂಟು, ಪಿ.ಯು.ಸಿ. ಓದಲು ದಿನಾ ಪ್ಯಾಸೆಂಜರಿನಲ್ಲಿ ಕಲಬುರ್ಗಿಗೆ ಹೋಗಿಬರುತ್ತಿದ್ದಳು. ಅದೇ ಗಾಡಿಯಲ್ಲಿ ಓಡಾಡುವ ಒಬ್ಬ ಹುಡುಗ. ನಮ್ಮ ಸಭೆಯವನಲ್ಲ. ಒಳ್ಳೆಯವನೇ. ನನಗೆ ಸಿನಿಮಾ ಹಾಡಿನ ಪುಸ್ತಕ ಕೊಡುತ್ತಿದ್ದ. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಟಾಕೀಸಿನ ಬಾಗಿಲಲ್ಲಿ ತೆಳ್ಳಗಿನ ಕಾಗದದ ಹಾಡಿನ ಪುಸ್ತಕ ಪೈಸೆ ಲೆಕ್ಕದಲ್ಲಿ ಸಿಗುತ್ತಿತ್ತು. ಮೇಲೆ ನಟ-ನಟಿಯರ ಚಿತ್ರ, ಒಳಗೆ ಕಥಾಸಾರ, ಹಾಡು, ಕೊನೆಗೆ ‘ಮುಂದಿನದನ್ನು ಬೆಳ್ಳಿ ತೆರೆಯ ಮೇಲೆ ನೋಡಿ’! ಆತ ಕೊಡುವ ಪುಸ್ತಕದ ನಡುವೆ ಚೀಟಿ ಇರುತ್ತಿತ್ತು. ಚೀಟಿ ಅಕ್ಕನಿಗೆ, ಪುಸ್ತಕ ನನಗೆ. ನನ್ನ ಬಳಿ ಮೂವತ್ತು ಪುಸ್ತಕ ಆಗಿದ್ದವು ಅಂದರೆ ಚೀಟಿಗಳ ಲೆಕ್ಕ ನೀವೇ ಹಾಕಿಕೊಳ್ಳಿ.

ಆ ಕ್ರಿಸ್‌ಮಸ್‌ಗೆ ಶಹಾಬಾದಿಗೆ ಬಂದದ್ದು ‘ಜೂಲಿ’. ನಮ್ಮ ಕಾಲೊನಿಯವರಿಗೆ ಅದು ಮನೆಯ ಪಿಕ್ಚರೇ! ಯಾಕೆಂದರೆ ಜೂಲಿ ಯಾರು? ರೈಲ್ವೆ ಎಂಜಿನ್ ಡ್ರೈವರ್ ಮಗಳು! ಓಂಪ್ರಕಾಶ್ ಆ ಡ್ರೈವರ್, ನಾದಿರಾ ತಾಯಿ. ಟಿಕೆಟ್ ಸಾಲಿನಲ್ಲೇ ಒಬ್ಬರು, “ಡ್ರೈವರ್ ಸಾಹೇಬ್ರ, ನಿಮ್ಮನಿ ಕಥೀನೇ ತೆಗದಾರಂತ!” ಎಂದು ಚೇಷ್ಟೆ ಮಾಡಿದರು. ಅಪ್ಪನೂ ನಕ್ಕ. ಪ್ರೀತಿ ಸಾಗರ್ ಹಾಡಿದ ಇಂಗ್ಲಿಷ್ ಹಾಡು ಬಂದಾಗಲೂ ನಗುತ್ತಲೇ ಇದ್ದ. ಆಮೇಲೆ ಜೂಲಿ ಗೆಳತಿಯ ಅಣ್ಣನನ್ನು, ಹಿಂದೂ ಹುಡುಗನನ್ನು, ಮೆಚ್ಚಿದಳು. ಕಥೆ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯುತ್ತಿದ್ದಂತೆ ಅಪ್ಪನ ನಗು ನಿಂತಿತು. ಅಕ್ಕಪಕ್ಕದ ಸಾಲಿನವರು ತೆರೆ ಬಿಟ್ಟು ನಮ್ಮ ಕಡೆ ನೋಡತೊಡಗಿದರು.

ಇಂಟರ್‌ವಲ್. ದೀಪ ಹತ್ತಿತು. ನಾನು ಕೈಯಲ್ಲಿದ್ದ ಹಾಡಿನ ಪುಸ್ತಕದಲ್ಲಿ ಮುಂದೇನಾಗುತ್ತದೆ ಎಂದು ಹುಡುಕುತ್ತಿದ್ದೆ. ಅಪ್ಪ ನೋಡಿದ. “ಇದನ್ಯಾವಾಗ ಕೊಂಡಿ? ಬರೂವಾಗ ನಿನ್ನ ಕೈಯಾಗ ರೊಕ್ಕ ಇರಲಿಲ್ಲಲ್ಲ” ಎಂದು ಪುಸ್ತಕ ಕಿತ್ತುಕೊಂಡ. ಚೀಟಿ ಕೆಳಗೆ ಬಿತ್ತು. ನಾನು ಅಕ್ಕನಿಗೆ ಕೊಡಲು ಮರೆತಿದ್ದ ಚೀಟಿ.

ಅಪ್ಪ ಓದಿದ. ನನ್ನ ಮುಖ ನೋಡಿದ. “ಯಾರು?” ಎಂದ, ಅಷ್ಟೆ. ಒಂದೇಟು ಹೊಡೆದಿದ್ದರೆ ನಾನು ಹಟ ಹಿಡಿದು ಬಾಯಿ ಮುಚ್ಚಿಕೊಳ್ಳುತ್ತಿದ್ದೆನೇನೋ. ಹೊಡೆಯಲಿಲ್ಲ. ನಾನು ಹೆಸರು ಹೇಳಿಬಿಟ್ಟೆ. ಆ ಹುಡುಗ ಯಾವ ಕ್ವಾರ್ಟರ್ಸಿನವನು, ಎಷ್ಟು ದಿನದಿಂದ ಎಂಬುದನ್ನೂ ಹೇಳಿದೆ. ಅಕ್ಕ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು.

“ಏಳ್ರಿ” ಎಂದ ಅಪ್ಪ. ಜನ ಸೋಡಾ ಕುಡಿದು ಒಳಗೆ ಬರುತ್ತಿದ್ದರು, ನಾವು ಹೊರಗೆ ಹೋದೆವು. ಆ ದಿನ ಗಾಡಿಗೆ ಕಾಯಲೂ ಇಲ್ಲ, ಲೈನಿನ ಪಕ್ಕದಲ್ಲೇ ವಾಡಿಯವರೆಗೆ ನಡೆದೆವು. ಮುಂದೆ ಅಪ್ಪ, ಹಿಂದೆ ಅವ್ವ, ನಡುವೆ ಅಕ್ಕ.

ನನ್ನ ಬಗ್ಗೆ ಇನ್ನೊಂದು ವಿಷಯ ಹೇಳಬೇಕು, ಮುಚ್ಚಿಟ್ಟು ಏನು ಪ್ರಯೋಜನ? ಮರುದಿನ ನಾನು ಅವ್ವನ ಡಬ್ಬಿಯಿಂದ ಚಿಲ್ಲರೆ ಕದ್ದು, ಶಹಾಬಾದಿಗೆ ಹೋಗಿ, ‘ಜೂಲಿ’ಯ ಉಳಿದರ್ಧ ನೋಡಿ ಬಂದೆ!

ಕಾಲೇಜು ಬಿಡಿಸಿದರು. ನಾಲ್ಕೇ ತಿಂಗಳಲ್ಲಿ ಅಕ್ಕನ ಮದುವೆ. ಗಂಡು ನಮ್ಮದೇ ಸಭೆಯವರು, ಚಂದ್ರಂಪಳ್ಳಿ ಅಣೆಕಟ್ಟಿನ ಮೇಲೆ ನೀರಾವರಿ ಇಲಾಖೆಯ ಕೆಲಸ. ಆ ಮಾವ ಬಂಗಾರದಂಥ ಮನುಷ್ಯ, ಇಂದಿಗೂ ಆ ಮಾತಿಗೆ ನಾನು ಬದ್ಧ. ಆದರೆ ಅಕ್ಕನನ್ನು ಕೇಳಿದವರು ಯಾರು? ಆ ವರ್ಷದಿಂದ ಕ್ರಿಸ್‌ಮಸ್ ಪಿಕ್ಚರ್ ನಿಂತಿತು. ನಕ್ಷತ್ರ ಕಟ್ಟಿದರು, ಆದರೆ ಮಧ್ಯರಾತ್ರಿ ಏಣಿ ಹತ್ತಿದ ಅಪ್ಪನ ಕೆಳಗೆ ಕೂಗಲು ನಾನೊಬ್ಬನೇ.

ಪರದೆಯ ಹಿಂದೆ

ಚಂದ್ರಂಪಳ್ಳಿ ನಿಮಗೆ ಗೊತ್ತಿರಬಹುದು. ಚಿಂಚೋಳಿ ಕಾಡಿನೊಳಗಿನ ಜಲಾಶಯ. ಸುತ್ತ ಗುಡ್ಡ, ಲಂಬಾಣಿ ತಾಂಡಾಗಳು. ಈಗ ಅದು ವನ್ಯಜೀವಿ ಧಾಮ, ಪಿಕ್‌ನಿಕ್ಕಿಗೆ ಜನ ಬರುತ್ತಾರೆ. ಆಗ ಹಾಗಲ್ಲ. ಚಿಂಚೋಳಿಗೆ ರೈಲಿಲ್ಲ. ವಾಡಿಯಿಂದ ಸೇಡಂವರೆಗೆ ಗಾಡಿ, ಅಲ್ಲಿಂದ ಬಸ್ಸು, ಆಮೇಲೆ ಕಾಲ್ನಡಿಗೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅದೂ ಇಲ್ಲ.

1979ರ ಮಳೆಗಾಲದಲ್ಲಿ ಅಪ್ಪ ಹೋದ. ಶೆಡ್ಡಿನಿಂದ ಬಂದು, ನೀರು ಕೇಳಿ, ಕೂತಲ್ಲೇ. ತಂತಿ ಕಳಿಸಿದೆವು. ಹಳ್ಳ ತುಂಬಿ ಬಸ್ಸು ನಿಂತಿತ್ತು. ಅಕ್ಕ ವಾಡಿಗೆ ಬಂದಾಗ ಮಣ್ಣು ಮಾಡಿ ಒಂದು ದಿನವಾಗಿತ್ತು.

ಅಷ್ಟರಲ್ಲಿ ನಾನು ಎಸ್.ಎಸ್.ಎಲ್.ಸಿ. ಎರಡು ಸಲ ಡುಮ್ಕಿ ಹೊಡೆದು, ಒಂದು ಟಾಕೀಸಿನ ಕ್ಯಾಬಿನ್ ಸೇರಿದ್ದೆ. ಆಪರೇಟರನ ಕೈಕೆಳಗೆ ಕೆಲಸ. ಎರಡು ಕಾರ್ಬನ್ ಕಡ್ಡಿ ಎದುರುಬದುರು ಹಿಡಿದು ಕಿಡಿ ಹತ್ತಿಸಿದರೆ ಆ ಬೆಳಕು! ನಮ್ಮಪ್ಪನ ಬೆಂಕಿ ನನಗೆ ಬೇರೆ ರೂಪದಲ್ಲಿ ಬಂತು ಅಂದುಕೊಳ್ಳುತ್ತಿದ್ದೆ. ಸಾವಿರ ಅಡಿಯ ರೀಲು 11 ನಿಮಿಷಕ್ಕೆ ಮುಗಿಯುತ್ತದೆ, ಅಷ್ಟರೊಳಗೆ ಇನ್ನೊಂದು ಪ್ರೊಜೆಕ್ಟರ್ ತಯಾರಿರಬೇಕು. ತೆರೆಯ ಮೂಲೆಯಲ್ಲಿ ಚುಕ್ಕೆ ಮಿಂಚಿತೋ, ಬದಲಿಸು! ಎರಡು ಸೆಕೆಂಡು ತಪ್ಪಿದರೆ ಕೆಳಗಿನಿಂದ ನಮ್ಮ ವಂಶಾವಳಿಯೆಲ್ಲ ಬೈಗುಳಾಗಿ ಮೇಲೆ ಬರುತ್ತಿತ್ತು.

1981ರ ಡಿಸೆಂಬರಿನಲ್ಲಿ ಹೈದರಾಬಾದ್ ಕಡೆಯ ಒಂದು ತಂಡ ‘ಕರುಣಾಮಯುಡು’ ಹೊತ್ತುಕೊಂಡು ಹಳ್ಳಿಹಳ್ಳಿ ಸುತ್ತುತ್ತಿತ್ತು. 1978ರ ತೆಲುಗು ಚಿತ್ರ, ಯೇಸುಸ್ವಾಮಿಯಾಗಿ ವಿಜಯಚಂದರ್. ನಮ್ಮ ಗಡಿ ಕಡೆ ತೆಲುಗು ತಿಳಿಯದವರು ಯಾರು? ಟಾಕೀಸು ಸೈತಾನನ ಗುಡಿ ಎಂದಿದ್ದ ಅದೇ ಹಿರಿಯರು ಈ ಚಿತ್ರಕ್ಕೆ ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತರು! ತಂಡದ ಆಪರೇಟರಿಗೆ ಜ್ವರ. ಚಿಂಚೋಳಿ ತಾಲೂಕಿನ ಆಟಗಳಿಗೆ ನನ್ನನ್ನು ಕರೆದರು. ಒಂದು ಊರಿನ ಹೆಸರು ಕೇಳಿ ನನ್ನ ಎದೆ ಧಸಕ್ ಎಂದಿತು. ಚಂದ್ರಂಪಳ್ಳಿ, 25ರ ರಾತ್ರಿ.

ಅಪ್ಪನ ಕೈದೀಪವನ್ನು ಚೀಲದಲ್ಲಿ ಹಾಕಿಕೊಂಡು, ಅವ್ವನನ್ನೂ ಕರೆದುಕೊಂಡು ಹೋದೆ.

ಎರಡು ಬೇವಿನ ಮರಕ್ಕೆ ಬಿಳಿ ಪರದೆ ಕಟ್ಟಿದೆವು. 16 ಎಂ.ಎಂ. ಯಂತ್ರ. ಅದರಲ್ಲಿ ಸಾವಿರ ಅಡಿ 27 ನಿಮಿಷ ಓಡುತ್ತದೆ, ಆಪರೇಟರಿಗೆ ಉಸಿರಾಡಲು ಸಮಯ. ತಾಂಡಾದವರೆಲ್ಲ ಕಂಬಳಿ ಹೊದ್ದು ಬಂದರು. ಗಂಡಸರು ಮುಂದೆ, ಹೆಂಗಸರು ಪರದೆಯ ಹಿಂದೆ. ಹಿಂದಿನಿಂದಲೂ ಬೊಂಬೆ ಕಾಣುತ್ತದೆ, ಎಡ ಬಲವಾಗಿ ಬಲ ಎಡವಾಗಿ. ಅಕ್ಕ ಅಲ್ಲಿ, ಹಿಂದೆ ಕೂತಿದ್ದಳು, ಮಡಿಲಲ್ಲಿ ಮೂರು ವರ್ಷದ ಮಗ. ಐದು ವರ್ಷಗಳ ನಂತರ ಅವಳು ನೋಡಿದ ಮೊದಲ ಚಿತ್ರ ಅದು.

ಆಟ ಮುಗಿದು ಜನ ಹೋದ ಮೇಲೆ ನಾನು ರೀಲು ಸುತ್ತುತ್ತಿದ್ದೆ. ಅಕ್ಕ ಚಹಾ ತಂದಳು.

“ಸ್ವಾಮಿ ಎಡಗೈಲೆ ಆಶೀರ್ವಾದ ಮಾಡಲತ್ತಿದ್ದಲ್ಲೋ ತಮ್ಮಾ!” ಎಂದು ನಕ್ಕಳು. ನಾನೂ ನಕ್ಕೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ಜೂಲಿದು ಆಮ್ಯಾಗ ಏನಾಯ್ತು?”

ನಾನು ಮರುದಿನ ಹೋಗಿ ನೋಡಿದ್ದು ಅವಳಿಗೆ ಹೇಗೆ ಗೊತ್ತೋ! ಅವ್ವನ ಡಬ್ಬಿಯ ಚಿಲ್ಲರೆ ಎಣಿಸಿದ್ದಳೋ ಏನೋ. “ಒಂದಾದ್ರು ಅಕ್ಕಾ” ಎಂದೆ. “ಕೂಸು ಹುಟ್ತದ, ಅನಾಥಾಶ್ರಮದಾಗ ಬಿಡ್ತಾರ. ಕಡೀಗೆ ಹುಡುಗನ ಅಪ್ಪ ಬಂದು ಎಲ್ಲಾರಿಗೂ ಬುದ್ಧಿ ಹೇಳಿ ಒಪ್ಪಿಸ್ತಾನ. ಲಗ್ನಕ್ಕ ಒಪ್ಪತಾರ.”

ಅಕ್ಕ ನನ್ನ ಮುಖ ದಿಟ್ಟಿಸಿ ನೋಡಿದಳು. “ಸುಳ್ಳ ಹೇಳಬ್ಯಾಡ” ಎಂದಳು. “ನನ್ನ ಮನಸಿಗೆ ಸಮಾಧಾನ ಆಗ್ಲೆಂತ ಹೇಳಲತ್ತಿ. ಹಂಗ ಆಗೂದಿಲ್ಲ. ಮಾರ್ಗರೆಟ್ ಸತ್ತಿದ್ದಿಲ್ಲೇನು?”

ಉತ್ಪಲ್ ದತ್ ಮಾಡಿದ ಆ ಹುಡುಗನ ಅಪ್ಪನ ಪಾತ್ರವನ್ನು ಎಷ್ಟು ಬಣ್ಣಿಸಿದರೂ ಅವಳು ನಂಬಲಿಲ್ಲ. ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ ಮಿತ್ರರೇ. ಆದರೆ ಒಂದು ಸಂಗತಿಯನ್ನು ಬೇಕೆಂದೇ ಬಿಟ್ಟಿದ್ದೆ. ಆ ಮಾತು ಆಮೇಲೆ.

ರೀಲು ಹೋಯಿತು, ಕ್ಯಾಸೆಟ್ ಬಂತು

ಮುಂದಿನ ವರ್ಷದಿಂದ ಕ್ರಿಸ್‌ಮಸ್ ಚಂದ್ರಂಪಳ್ಳಿಯಲ್ಲೇ. ಅಪ್ಪನ ಕೈದೀಪ ಅಕ್ಕನ ಮನೆಯ ನಕ್ಷತ್ರ ಸೇರಿತು. ಏಣಿ ಮತ್ತೆ ಅಕ್ಕನದೇ. ಕೆಳಗೆ ಕೂಗಲು ಅವಳ ಮೂರು ಮಕ್ಕಳು, ಆಮೇಲೆ ನನ್ನ ಎರಡು. 26ಕ್ಕೆ ಬುತ್ತಿ ಕಟ್ಟಿಕೊಂಡು ಅಣೆಕಟ್ಟಿನ ದಂಡೆಗೆ. ರೊಟ್ಟಿ, ಶೇಂಗಾ ಹಿಂಡಿ, ನಿನ್ನೆಯ ಮಟನ್. ನಿನ್ನೆಯ ಮಟನ್ನಿನ ರುಚಿಯೇ ಬೇರೆ, ತಿಂದವರಿಗೆ ಗೊತ್ತು.

ಎಂಬತ್ತರ ದಶಕದ ಕೊನೆಗೆ ವಿ.ಸಿ.ಆರ್. ಬಂತು. ಟೀವಿ, ವಿ.ಸಿ.ಆರ್., ನಾಲ್ಕು ಕ್ಯಾಸೆಟ್ಟು ಒಂದು ರಾತ್ರಿಗೆ ಬಾಡಿಗೆ ತಂದು ಬೆಳಗಿನವರೆಗೆ ನೋಡಿ ಕಣ್ಣು ಕೆಂಪು ಮಾಡಿಕೊಳ್ಳುವುದೇ ಹೊಸ ಪದ್ಧತಿ. ‘ಬಂಗಾರದ ಮನುಷ್ಯ’, ‘ಬಂಧನ’, ಒಂದು ಅಮಿತಾಭ್. ಪಟ್ಟಿ ಮಾಡುವವಳು ಅಕ್ಕ. ನಾನು ಒಂದು ವರ್ಷ ‘ಜೂಲಿ’ ತರಲೇ ಎಂದೆ. “ಬ್ಯಾಡ” ಎಂದಳು. ಮತ್ತೆ ಕೇಳಲಿಲ್ಲ.

ಆಮೇಲೆ ಕೇಬಲ್ಲು. ಹಾಡಿನ ಮೇಳದ ಪೆಟ್ರೋಮ್ಯಾಕ್ಸ್ ಹೋಗಿ ಟ್ಯೂಬ್‌ಲೈಟು, ಈಗ ಟ್ರ್ಯಾಕ್ಟರಿನ ಮೇಲೆ ದೊಡ್ಡ ಸ್ಪೀಕರು. ದಪ್ಪು ಬಾರಿಸುವವರು ಇಬ್ಬರೇ ಉಳಿದಿದ್ದಾರೆ, ಇಬ್ಬರಿಗೂ ಮಂಡಿನೋವು. ಕರ್ಚಿಕಾಯಿ ಮಾಡುತ್ತಿದ್ದ ಅವ್ವ ಹೋದಳು. ಕೇಕು ವಾಪಸು ಬಂತು, ಆದರೆ ಬೇಕರಿಯಿಂದ, ಮೇಲೆ ಸಾಂಟಾ ಕ್ಲಾಸ್ ಕೂತುಕೊಂಡು. ಮಕ್ಕಳು ಹೈದರಾಬಾದ್, ಬೆಂಗಳೂರು ಸೇರಿದರು. ರಜೆ ಸಿಕ್ಕವರು ಬರುತ್ತಾರೆ, ಸಿಗದವರು ಫೋನಿನಲ್ಲಿ ಮುಖ ತೋರಿಸುತ್ತಾರೆ.

2009ರ ಕ್ರಿಸ್‌ಮಸ್ ವಾರದ ಒಂದು ದಿನ ಮಾತ್ರ ಮರೆಯುವಂತಿಲ್ಲ. ಡಿಸೆಂಬರ್ 30. ನಾವೆಲ್ಲ ಇನ್ನೂ ಅಕ್ಕನ ಮನೆಯಲ್ಲೇ ಇದ್ದೆವು. ಟೀವಿ ಹಚ್ಚಿದರೆ ವಿಷ್ಣುವರ್ಧನ್ ಇಲ್ಲ! ‘ನಾಗರಹಾವು’ ಬಂದದ್ದೂ ಡಿಸೆಂಬರಿನ ಅದೇ ಕೊನೆಯ ವಾರ, ಆತ ಹೋದದ್ದೂ ಅದೇ ವಾರ. ಅಂದು ಒಲೆ ಹಚ್ಚಲಿಲ್ಲ, ಡಬ್ಬಿಯ ಚಕ್ಕುಲಿ ತಿಂದೇ ಕೂತೆವು. ಟೀವಿಯಲ್ಲಿ ರಾಮಾಚಾರಿ ಬೆಟ್ಟ ಹತ್ತುವುದನ್ನು ನೋಡುತ್ತ ಅಕ್ಕ, “ಅಪ್ಪಗ ಈ ಹುಡುಗ ಭಾಳ ಸೇರ್ತಿದ್ದ” ಎಂದಳು. ಅಪ್ಪನ ಹೆಸರು ತೆಗೆದು ಪಿಕ್ಚರಿನ ಮಾತಾಡಿದ್ದು ಅವಳು ಅದೇ ಮೊದಲು.

ನನ್ನ ಕ್ಯಾಬಿನ್ನೂ ಹೋಯಿತು. ರೀಲು ಹೋಗಿ ಕಂಪ್ಯೂಟರ್ ಬಂದ ಮೇಲೆ ಕಾರ್ಬನ್ ಕಡ್ಡಿ ಹಚ್ಚುವವನು ಯಾರಿಗೆ ಬೇಕು? ವಾಡಿಯಲ್ಲಿ ಒಂದು ಎಲೆಕ್ಟ್ರಿಕ್ ಅಂಗಡಿ ಇಟ್ಟಿದ್ದೇನೆ. ಡಿಸೆಂಬರ್ ಬಂದರೆ ಪ್ಲಾಸ್ಟಿಕ್ ನಕ್ಷತ್ರ ಮಾರುತ್ತೇನೆ. ಅವು ತಾವೇ ಕೆಂಪು, ತಾವೇ ಹಸಿರು, ನಿಮಿಷಕ್ಕೆ ಹತ್ತು ಸಲ.

ಉಳಿದರ್ಧ

2023ರ ಕ್ರಿಸ್‌ಮಸ್ ರಾತ್ರಿ. ಊಟವಾಗಿತ್ತು. ಅಕ್ಕನಿಗೆ ಅರವತ್ತೈದು. ಅವಳ ಮೊಮ್ಮಗಳು, ಬೆಂಗಳೂರಲ್ಲಿ ಕಾಲೇಜು ಓದುವ ಹುಡುಗಿ, ಫೋನು ಹಿಡಿದು, “ಅಮ್ಮಾ, ಹಳೇ ಪಿಕ್ಚರ್ ಯಾವುದು ಬೇಕು ಹೇಳು, ಎಲ್ಲಾ ಅದಾವ” ಎಂದಳು. ನಾನು ಸುಮ್ಮನೆ ಅಡಿಕೆ ಕತ್ತರಿಸುತ್ತಿದ್ದೆ.

“ಜೂಲಿ” ಎಂದಳು ಅಕ್ಕ.

ಹುಡುಗಿ ಹಚ್ಚಿದಳು. ಹೆಸರುಗಳು ಬರತೊಡಗಿದವು. ಅಕ್ಕ ಕೈ ಅಡ್ಡ ಹಿಡಿದು, “ಇಂಟರ್‌ವಲ್ ತನ ನಾ ನೋಡೀನಿ. ಅಲ್ಲಿಂದ ಹಚ್ಚು” ಎಂದಳು.

ಕನ್ನಡಕ ಹಾಕಿಕೊಂಡು, ಫೋನನ್ನು ನೀರಿನ ತಂಬಿಗೆಗೆ ಆನಿಸಿ, ಉಳಿದರ್ಧವನ್ನು ಅಲುಗಾಡದೆ ನೋಡಿದಳು. ಕೂಸು ಹುಟ್ಟಿತು. ಅನಾಥಾಶ್ರಮಕ್ಕೆ ಹೋಯಿತು. ಜೂಲಿ ಮನೆಗೆ ವಾಪಸು ಬಂದಳು. ಅವಳು ಇಲ್ಲದಾಗ ಅವಳ ಅಪ್ಪ, ಆ ಎಂಜಿನ್ ಡ್ರೈವರ್, ತೀರಿಹೋಗಿದ್ದ. ನಾನು ಅಡಿಕೆ ಕತ್ತರಿ ಕೆಳಗಿಟ್ಟೆ. ಆಮೇಲೆ ಉತ್ಪಲ್ ದತ್ ಬಂದ, ಬುದ್ಧಿ ಹೇಳಿದ, ಎಲ್ಲರೂ ಒಂದಾದರು. ಮೊಮ್ಮಗಳು, “ಅಯ್ಯ, ಚಂದ ಅದ ಅಲ್ಲಮ್ಮಾ!” ಎಂದು ಫೋನು ತೆಗೆದುಕೊಂಡು ಎದ್ದಳು.

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

“ಖರೇನ ಹೇಳಿದ್ದಿ ತಮ್ಮಾ” ಎಂದಳು. “ಆದ್ರ ಅವರಪ್ಪ ಸತ್ತದ್ದು ನೀ ಹೇಳಿದ್ದಿಲ್ಲ.”

“ಆಗ ಅಪ್ಪ ಹೋಗಿ ಎರಡ ವರ್ಷ ಆಗಿತ್ತಕ್ಕಾ” ಎಂದೆ.

“ಹೂಂ” ಎಂದಳು. ಗಡಿಯಾರ ನೋಡಿ, ಎದ್ದು, ಹಿತ್ತಲ ಬಾಗಿಲು ಹಾಕಿದೆಯೋ ಇಲ್ಲವೋ ನೋಡಿಬರಲು ಹೋದಳು.